ಗಾಡಿ ಪೂರ್ತಿ ಬಂತಾ?

ಆ ಭಾನುವಾರ ಏನೇನು ಕೆಡಬಹುದಿತ್ತು ಎಂಬುದನ್ನು ನಾನು ಶನಿವಾರವೇ ಯೋಚಿಸಿ ಮುಗಿಸಿದ್ದೆ. ಸೈಕಲ್ಲಿನ ಟೈರು ಒಡೆಯಬಹುದು. ಪಂಪು ಇರುತ್ತದೆ, ಆದರೆ ಪಂಪಿನ ಮೂತಿ ವಾಲ್ವಿಗೆ ಕೂರದೆ ಹೋಗಬಹುದು. ಹರಿಹರದ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಎದುರಾಗಬಹುದು. ಭಾನುವಳ್ಳಿ ಕಡೆ ನಾಲೆ ಏರಿಯ ಮೇಲೆ ಮಂಜು ಕವಿದು ದಾರಿ ಯಾವುದು ನೀರು ಯಾವುದು ಎಂದು ತಿಳಿಯದೆ ಹೋಗಬಹುದು. ಎಮ್ಮೆ ಅಡ್ಡ ಬರಬಹುದು. ಬಂದ ಎಮ್ಮೆ ಅಲ್ಲೇ ನಿಂತುಬಿಡಬಹುದು. ನಾಯಿಗಳಂತೂ ಇದ್ದೇ ಇರುತ್ತವೆ. ಹುಣಸೆಮರದ ಜೇನು ಎದ್ದು ಮೇಲೆರಗಬಹುದು. ನನ್ನ ಸಕ್ಕರೆ ಇಳಿಯಬಹುದು, ಗೆಳೆಯ ರಫೀಕನ ಬಿ.ಪಿ. ಏರಬಹುದು, ಕ್ಯಾಮೆರಾದ ಬ್ಯಾಟರಿ ಸರಿಯಾದ ಹೊತ್ತಿಗೇ ಕೈಕೊಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಹಿಂದೆ ಬರುತ್ತಿರುವ ಹಿರಿಯರು ಸದ್ದಿಲ್ಲದೆ ನಾಲೆಗೆ ಜಾರಿ, ನಾವು ಮೂವರೂ ಅದನ್ನರಿಯದೆ ಮಾತಾಡಿಕೊಂಡು ಮುಂದೆ ಹೋಗಿಬಿಡಬಹುದು.

ಇವುಗಳಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ತೀರಾ ಸಣ್ಣದು. ಅದು ನನ್ನ ಪಟ್ಟಿಯಲ್ಲಿ ಇರಲೂ ಇಲ್ಲ. ಕೆಟ್ಟಿತ್ತು ಎಂದು ನನಗೆ ತಿಳಿದದ್ದು ಹೋದ ತಿಂಗಳು, ಅವರು ತೀರಿಕೊಂಡ ಮೇಲೆ.

ಅವರನ್ನು ನಾವು ಗಾರ್ಡ್ ಸಾಹೇಬರು ಎನ್ನುತ್ತಿದ್ದೆವು. ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಹೆಸರು ಇತ್ತು, ಆದರೆ ನಾವು ಯಾರೂ ಅದನ್ನು ಬಳಸಲಿಲ್ಲ. ಅವರೂ ನಮ್ಮ ಹೆಸರು ಬಳಸುತ್ತಿರಲಿಲ್ಲ. ವಿಮಾ ಕಚೇರಿಯಲ್ಲಿ ಕ್ಲೇಮು ನೋಡುವ ನಾನು ಅವರಿಗೆ ‘ಇನ್ಶೂರೆನ್ಸು’. ದಾವಣಗೆರೆಯ ಹಳೇ ಪೇಟೆಯಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿರುವ, ನಮ್ಮಲ್ಲಿ ಎಲ್ಲರಿಗಿಂತ ಮುಂದೆ ತುಳಿಯುವ ರಫೀಕ್ ‘ಎಂಜಿನ್ನು’. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಗಿರಿಜಾಗೆ ಮಾತ್ರ ಮರ್ಯಾದೆಯಿಂದ ‘ಡಾಕ್ಟ್ರಮ್ಮ’.

ಸಾಹೇಬರು ನನಗೆ ಸಿಕ್ಕಿದ್ದು ಕುಂದವಾಡ ಕೆರೆಯ ದಾರಿಯಲ್ಲಿ. ಸಕ್ಕರೆ ಕಾಯಿಲೆ ಶುರುವಾಗಿದೆ, ಸೈಕಲ್ ತುಳಿಯಿರಿ ಎಂದು ವೈದ್ಯರು ಹೇಳಿದ್ದರು. ಹೆಲ್ಮೆಟ್ಟು, ಕೈಗವಸು, ಮೊಣಕಾಲಿಗೆ ಕವಚ ಎಲ್ಲವನ್ನೂ ತೊಟ್ಟು ಯುದ್ಧಕ್ಕೆ ಹೊರಟವನಂತೆ ನಾನು ನಿಧಾನವಾಗಿ ತುಳಿಯುತ್ತಿದ್ದೆ. ಹಿಂದಿನಿಂದ ಶಿಳ್ಳೆ ಕೇಳಿಸಿತು. ಪೊಲೀಸಿನವರೆಂದುಕೊಂಡು ತಕ್ಷಣ ಇಳಿದು, ರಸ್ತೆ ಬದಿಗೆ ಸರಿದು, ಹೆಲ್ಮೆಟ್ ಕಳಚಿ ನಿಂತೆ.

ಬಂದವರು ಸಣಕಲು ಎತ್ತರದ ಮನುಷ್ಯ. ಕೊರಳಲ್ಲಿ ಹಸಿರು ಟವೆಲ್ಲು, ಎದೆಯ ಮೇಲೆ ಕ್ಯಾಮೆರಾ, ಬಾಯಲ್ಲಿ ದಾರ ಕಟ್ಟಿದ ಸೀಟಿ.

“ಯಾಕ ನಿಂತ್ರಿ?”

“ನೀವು ಸೀಟಿ ಊದಿದ್ರಲ್ಲ.”

“ಅದು ಹೋಗ್ರಿ ಅಂತ ಊದಿದ್ದು. ಗಾರ್ಡು ಸೀಟಿ ಊದಿದ್ರೆ ಗಾಡಿ ನಿಲ್ತೈತೇನ್ರಿ ಎಲ್ಲಾದ್ರೂ? ಹತ್ರಿ, ಹೋಗ್ರಿ. ಹಿಂದೆ ನಾನಿದೀನಿ.”

‘ಹಿಂದೆ ನಾನಿದೀನಿ’ ಎಂಬ ಮಾತನ್ನು ಪ್ರೀಮಿಯಂ ಕೇಳದೆ ಹೇಳಿದ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಹತ್ತಿದೆ, ಹೋದೆ. ಆಮೇಲೆ ಎಷ್ಟೋ ವರ್ಷಗಳ ಭಾನುವಾರಗಳು ಹಾಗೇ ಹೋದವು.

ನಾಲ್ವರ ಸಾಲಿನಲ್ಲಿ ಅವರು ಯಾವಾಗಲೂ ಕೊನೆ. ಅವರ ಹಿಂದೆ ಯಾರೂ ಬರುವಂತಿರಲಿಲ್ಲ. ಸೈಕಲ್ಲಿನ ಕ್ಯಾರಿಯರ್‌ಗೆ ಕೆಂಪು ಬಳಿದ ತಗಡಿನ ತುಂಡೊಂದನ್ನು ಕಟ್ಟಿ ಅದರ ಮೇಲೆ ಬಿಳಿ ಬಣ್ಣದಲ್ಲಿ ಎಲ್.ವಿ., ಅಂದರೆ ಲಾಸ್ಟ್ ವೆಹಿಕಲ್, ಎಂದು ಬರೆಸಿದ್ದರು. ರೈಲಿನ ಕೊನೆಯ ಡಬ್ಬಿಗೆ ಹಾಗೆ ಬರೆದ ಫಲಕ ಇರುತ್ತದಂತೆ. ಅದು ಕಣ್ಣಿಗೆ ಬಿದ್ದರೆ ಮಾತ್ರ ಸ್ಟೇಷನ್ನಿನವರು ಗಾಡಿ ಪೂರ್ತಿ ಬಂತೆಂದು ನಂಬುತ್ತಾರಂತೆ. “ಎಂಜಿನ್ ಬಂದ್ರೆ ಗಾಡಿ ಬಂದಂಗಲ್ಲ. ನಡುವೆ ಕೊಂಡಿ ಕಳಚಿ ಅರ್ಧ ಗಾಡಿ ಅಡವ್ಯಾಗೇ ನಿಂತಿರಬಹುದು. ಕೊನೇ ಡಬ್ಬಿ ಬಂದಾಗ ಗಾಡಿ ಬಂತು ಅನ್ಬೇಕು” ಎಂದು ಅವರು ನಮಗೆ ವಿವರಿಸಿದ್ದರು. ನಾವು ಎಲ್ಲಿ ಚಹಾಕ್ಕೆ ನಿಂತರೂ ಅವರು ಬಂದಿಳಿದು ಕೇಳುತ್ತಿದ್ದ ಮೊದಲ ಮಾತು, “ಗಾಡಿ ಪೂರ್ತಿ ಬಂತಾ?” ನಾವು ಆ ತಗಡನ್ನು ನೋಡಿ “ಬಂತ್ರಿ” ಎನ್ನಬೇಕು. ಅಲ್ಲಿಯತನಕ ಯಾರೂ ಲೋಟ ಮುಟ್ಟುವಂತಿಲ್ಲ. ಚಹಾ ಆರಿದರೂ ಅಷ್ಟೆ.

ಈ ನೇಮಕ್ಕೆ ಅವರು ಎಷ್ಟು ಜೋತುಬಿದ್ದಿದ್ದರು ಎಂದರೆ, ಒಮ್ಮೆ ಆನಗೋಡಿನ ಕಡೆ ಹೋಗುತ್ತಿದ್ದಾಗ ಕುರಿಹಿಂಡೊಂದು ಅವರ ಹಿಂದೆ ಸೇರಿಕೊಂಡಿತು. ಸಾಹೇಬರು ಸೈಕಲ್ಲಿನಿಂದಿಳಿದು ಬದಿಗೆ ನಿಂತು, ಇಡೀ ಹಿಂಡನ್ನು ಮುಂದೆ ಬಿಟ್ಟರು. ಕುರಿಗಳು ನಮ್ಮ ಮತ್ತು ಅವರ ನಡುವೆ ತುಂಬಿಕೊಂಡವು. ಒಂದು ಕುರಿ ಮಾತ್ರ ಜಾಲಿಗಿಡ ಮೇಯುತ್ತ ಹಿಂದೆಯೇ ಉಳಿಯಿತು. ಅವರು ಅದಕ್ಕೂ ಕಾದರು.

“ಮುಂದಕ್ಕೆ ಹೋಗ್ರಿ ಯಜಮಾನ್ರೇ, ಕುರಿ ಕಾಯೋನು ನಾನಿದೀನಲ್ಲ” ಎಂದ ಕುರುಬ.

“ನೀನು ಎಲ್ಲಾ ಕಾಯಪ್ಪ. ಕೊನೇದು ನಂದು” ಎಂದರು ಸಾಹೇಬರು.

ಚಹಾದಂಗಡಿಯಲ್ಲಿ ಕಾದು ಕಾದು ನಾನು ಆಗಲೇ ಎರಡು ಆಸ್ಪತ್ರೆಗಳ ದಾರಿಯನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡಿದ್ದೆ. ರಫೀಕ್ ಮೆಣಸಿನಕಾಯಿ ಬಜ್ಜಿ ಮುರಿಯುತ್ತ ನಗುತ್ತಿದ್ದ. “ಭಾಯ್, ಕುರಿ ಬಂದ್ವು ನೋಡ್ರಿ. ಅವುಗಳ ಹಿಂದೆ ಸಾಬ್ ಬರ್ತಾರೆ. ಚಿಂತಿ ಬ್ಯಾಡ.”

ಇನ್ನು ಅವರ ಫೋಟೋಗಳು. ರಫೀಕ್ ಉದ್ದ ಮೂತಿಯ ಲೆನ್ಸಿನಲ್ಲಿ ಮಿಂಚುಳ್ಳಿ, ಬೆಳ್ಳಕ್ಕಿ, ಗೀಜಗನ ಗೂಡು ಹಿಡಿಯುತ್ತಿದ್ದ. ಗಿರಿಜಾ ಮೊಬೈಲಿನಲ್ಲಿ ಹೂವು ಹಿಡಿಯುತ್ತಿದ್ದಳು. ನಾನು ಏನೂ ಹಿಡಿಯುತ್ತಿರಲಿಲ್ಲ. ನನ್ನ ಚೀಲದಲ್ಲಿ ಬ್ಯಾಂಡೇಜು, ಗ್ಲೂಕೋಸು, ಬಿಡಿ ಟ್ಯೂಬು, ಹಗ್ಗ ಇವುಗಳ ನಡುವೆ ಕ್ಯಾಮೆರಾಕ್ಕೆ ಜಾಗವಿರಲಿಲ್ಲ. ಸಾಹೇಬರು ಹಿಡಿಯುತ್ತಿದ್ದದ್ದು ನಮ್ಮ ಬೆನ್ನು. ಬರೀ ಬೆನ್ನು. ಜೋಳದ ಹೊಲದ ನಡುವೆ ಹೋಗುವ ಬೆನ್ನು, ಗುತ್ತೂರಿನ ಬಳಿ ಕಾರ್ಖಾನೆಯ ಹೊಗೆಗೆ ಎದುರಾಗಿ ಹೋಗುವ ಬೆನ್ನು, ಬೆವರಿಗೆ ಅಂಗಿ ಅಂಟಿದ ಬೆನ್ನು.

“ಮುಖ ಯಾಕೆ ತೆಗಿಯಂಗಿಲ್ರಿ?” ಎಂದು ಗಿರಿಜಾ ಒಮ್ಮೆ ಕೇಳಿದಳು.

“ಮುಖಕ್ಕೆ ಎಲ್ಲಾರೂ ಪೌಡರ್ ಹಚ್ಕೊಂಡಿರ್ತಾರವ್ವ. ಬೆನ್ನಿಗೆ ಯಾರು ಹಚ್ಕೊತಾರೆ? ಮನುಷ್ಯ ಸುಳ್ಳಾಡದ ಜಾಗ ಅದೊಂದೆ.”

ಅವರ ಹೆಂಡತಿಗೆ ಈ ತತ್ವ ಒಪ್ಪಿಗೆಯಾಗಿರಲಿಲ್ಲ. ನಾನು ಮನೆಗೆ ಹೋದಾಗಲೆಲ್ಲ ಹೇಳುತ್ತಿದ್ದರು: “ಮದುವಿ ಆದಾಗಿಂದ ಇವರು ನನ್ನ ಮುಖ ನೋಡಿದ್ದಕ್ಕಿಂತ ಬೆನ್ನು ನೋಡಿದ್ದೇ ಹೆಚ್ಚು. ಸಂತಿಗೆ ಹೋದ್ರೂ ಹಿಂದೆ, ಮದುವಿಗೆ ಹೋದ್ರೂ ಹಿಂದೆ. ನೆಂಟ್ರು, ಏನವ್ವ ಜಗಳ ಆಡೀರೇನು ಅಂತ ಕೇಳ್ತಾರೆ.”

ಕ್ಯಾಮೆರಾ ಹಿಡಿಯುವುದನ್ನು ನಮಗೆ ಕಲಿಸಿದವರು ಅವರೇ. ಕಲಿಸಿದ್ದು ಒಂದೇ ಪಾಠ: ಒತ್ತುವ ಮುಂಚೆ ಉಸಿರು ಹಿಡಿ. “ಎದಿ ಆಡಿದ್ರೆ ಫೋಟೋ ಆಡ್ತೈತೆ. ಉಸಿರು ನಿಲ್ಲಿಸು, ಒತ್ತು, ಆಮ್ಯಾಲೆ ಬಿಡು.” ರಫೀಕ್ ಬೆಳ್ಳಕ್ಕಿಗಾಗಿ ಉಸಿರು ಹಿಡಿದು ಹಿಡಿದು ಕೆಮ್ಮು ಬಂದು, ಬೆಳ್ಳಕ್ಕಿ ಹಾರಿಹೋಗುತ್ತಿತ್ತು.

ಈ ಬೆನ್ನಿನ ಫೋಟೋಗಳಿಗೆಲ್ಲ ಒಂದು ಪೀಡೆ ಅಂಟಿಕೊಂಡಿತ್ತು. ಆ ಪೀಡೆ ನಾನು. ಸಾಲಿನಲ್ಲಿ ನನ್ನದು ಮಧ್ಯದ ಜಾಗ. ಹಿಂದೆ ಸಾಹೇಬರು ಬರುತ್ತಿದ್ದಾರೋ ಇಲ್ಲವೋ ಎಂದು ನನಗೆ ಕ್ಷಣಕ್ಷಣಕ್ಕೂ ದಿಗಿಲು. ಹಾಗಾಗಿ ಯಾವ ಫೋಟೋ ನೋಡಿದರೂ ಎರಡು ನೆಮ್ಮದಿಯ ಬೆನ್ನುಗಳು, ಅವುಗಳ ನಡುವೆ ತಿರುಗಿ ನೋಡುತ್ತಿರುವ ನನ್ನ ಮುಖ: ಹುಬ್ಬು ಮೇಲೆ, ಬಾಯಿ ಅರ್ಧ ತೆರೆದು, ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳುತ್ತಿರುವವನ ಹಾಗೆ.

“ಏ ಇನ್ಶೂರೆನ್ಸು, ಮತ್ತೆ ತಿರುಗಿದೆ ನೋಡು.”

“ನಾನೆಲ್ಲಿ ತಿರುಗಿದೆ?”

ಅವರು ಕ್ಯಾಮೆರಾದ ಪರದೆ ತೋರಿಸುತ್ತಿದ್ದರು. ವಾದ ಅಲ್ಲಿಗೆ ಮುಗಿಯುತ್ತಿತ್ತು. ತಿರುಗಿದ್ದು ನನಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಕೆಲವರು ನಿದ್ದೆಯಲ್ಲಿ ಮಾತಾಡುವಂತೆ ನಾನು ಎಚ್ಚರದಲ್ಲಿ ತಿರುಗುತ್ತಿದ್ದೆ.

“ರೈಲಿನಾಗೆ ತಿರುಗಿ ನೋಡ್ಬೇಕು, ಅದು ಡ್ಯೂಟಿ. ರೈಲು ಹಳಿ ಮ್ಯಾಲೆ ಹೋಗ್ತೈತೆ. ಸೈಕಲ್ಲು ನಿನ್ನ ಮ್ಯಾಲೆ ಹೋಗ್ತೈತೆ ಮಾರಾಯ, ಮುಂದೆ ನೋಡು” ಎಂದು ಬೈಯುತ್ತಿದ್ದರು.

ಅದೇನು ಡ್ಯೂಟಿ ಎಂಬುದನ್ನು ಹರಿಹರದ ಹೊಳೆ ದಂಡೆಯಲ್ಲಿ ಕೂತಾಗ ಒಮ್ಮೆ ಹೇಳಿದರು. ಎದುರಿಗೆ ತುಂಗಭದ್ರೆಯ ರೈಲು ಸೇತುವೆ. ಅದರ ಮೇಲೆ ಗೂಡ್ಸ್ ಗಾಡಿಯೊಂದು ದಡಬಡಿಸಿ ಹೋಗುತ್ತಿತ್ತು. ಅವರು ಎದ್ದು ನಿಂತು ಕಾದರು. ಕೊನೆಯ ಡಬ್ಬಿ ಬಂದಾಗ ಹಸಿರು ಟವೆಲ್ ಎತ್ತಿ ಬೀಸಿದರು. ಅಷ್ಟು ದೂರದಿಂದ ಅಲ್ಲಿದ್ದವನಿಗೆ ಕಂಡಿತೋ ಇಲ್ಲವೋ, ಒಂದು ಕೈ ಮೇಲೆದ್ದಂತೆ ಆಯಿತು. ಕೂತು ಹೇಳಿದರು: “ಗಾಡಿ ಸ್ಟೇಷನ್ ಬಿಡುವಾಗ ನಾನು ಹಿಂದಿನಿಂದ ಹಸಿರು ಬಾವುಟ ತೋರಿಸ್ತೀನಿ. ಎಂಜಿನ್ನಿನಾಗೆ ಒಬ್ಬ ತಿರುಗಿ ನನ್ನ ಕಡಿ ನೋಡಿ, ಅವನೂ ತೋರಿಸ್ಬೇಕು. ಆಲ್‌ರೈಟ್ ಅಂತ. ಅಷ್ಟೇ ನೋಡು. ಅದು ಮುಗಿದ್ರೆ ಮುಂದಿನ ಸ್ಟೇಷನ್ ತನಕ ನಾನು ಒಬ್ನೇ. ಬ್ಯಾರೆ ಗಾಡಿಗೆ ದಾರಿ ಬಿಡೋಕೆ ಲೂಪ್ ಲೈನಿನಾಗೆ ನಿಲ್ಲಿಸಿಬಿಟ್ರೆ ಅರ್ಧ ದಿನ ಒಬ್ನೇ. ಎಂಜಿನ್ನು ಆ ತಿರುವಿನಾಚೆ. ನಾನು ಅದೀನೋ ಸತ್ತೀನೋ ಕೇಳೋರಿಲ್ಲ. ಅವನು ಒಮ್ಮೆ ತಿರುಗಿ ನೋಡಿದ್ನಲ್ಲ, ಅದೊಂದ್ರ ಮ್ಯಾಲೆ ದಿನ ದೂಡ್ತಿದ್ದೆ.”

ರಫೀಕ್ ಹೇಳಿದ: “ಈಗ ಗಾರ್ಡ್ ಇಲ್ದೇನೂ ಗೂಡ್ಸ್ ಓಡ್ತಾವಂತಲ್ಲ ಸಾಬ್. ಕೊನೇ ಡಬ್ಬಿಗೆ ಒಂದು ಪೆಟ್ಟಿಗಿ ಕಟ್ತಾರಂತೆ.”

“ಕಟ್ತಾರಪ್ಪ. ಪೆಟ್ಟಿಗೀನ ಯಾರು ತಿರುಗಿ ನೋಡ್ತಾರೆ?” ಎಂದು ಅವರು ಹೊಳೆಗೆ ಒಂದು ಕಲ್ಲೆಸೆದರು.

ಅವರ ಕಣ್ಣಿನ ಸುದ್ದಿ ಮೊದಲು ತಿಳಿದದ್ದು ಗಿರಿಜಾಗೆ. ಪಕ್ಕದಲ್ಲಿಟ್ಟ ಲೋಟವನ್ನು ಅವರು ಎರಡು ಸಲ ಕೆಡವಿದ್ದನ್ನು ನೋಡಿ, ಹಟ ಮಾಡಿ ತಪಾಸಣೆಗೆ ಕರೆದೊಯ್ದಳು. ಕಣ್ಣಿನ ಒತ್ತಡದ ಕಾಯಿಲೆ. ನೋಟ ಅಂಚಿನಿಂದ ಕತ್ತಲಾಗುತ್ತ ಬಂದು, ನಡುವೆ ಒಂದಿಷ್ಟು ಬೆಳಕು ಉಳಿದಿತ್ತು. ಅದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದರು ವೈದ್ಯರು. “ಸುರಂಗದೊಳಗಿಂದ ನೋಡಿದಂಗೈತೆ. ಆ ಕಡಿ ಬಾಗ್ಲು ಸಣ್ಣದಾಗ್ತಾ ಹೊಂಟೈತೆ” ಎಂದು ಅವರೇ ನಮಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು. ಅವರ ಮಗಳು ಸೈಕಲ್ಲಿಗೆ ಬೀಗ ಹಾಕಿ ಕೀಲಿ ತೆಗೆದಿಟ್ಟಳು.

ಕೆಲವು ವಾರ ಕಳೆದ ಮೇಲೆ ನನಗೆ ಕರೆ ಬಂತು. ಹೋದೆ. ಅವರು ಕೋಣೆಯ ಗೋಡೆಯೊಂದನ್ನು ಖಾಲಿ ಮಾಡಿಸಿ, ಮೊಳೆ ಹೊಡೆಸಿ ಕೂತಿದ್ದರು.

“ಒಂದೇ ಒಂದು ಫೋಟೋ ಬೇಕು ನನಗೆ. ನೀವು ಮೂರೂ ಮಂದಿ ನಾಲೆ ಏರಿ ಮ್ಯಾಲೆ ಹೋಗ್ತಿರಬೇಕು. ಬರೇ ಬೆನ್ನು. ದೊಡ್ಡದು ಮಾಡಿಸಿ ಇಲ್ಲಿ ಹಾಕ್ತೀನಿ. ಕಣ್ಣು ಇರೋತನಕ ದಿನಾ ನೋಡಿ ಬಾಯಿಪಾಠ ಮಾಡ್ಕೊತೀನಿ. ಆಮ್ಯಾಲೆ ಕಣ್ಣು ಹೋಗ್ಲಿ ಬಿಡು.”

“ಇರೋ ಫೋಟೋದಾಗೆ ಒಂದು ಹಾಕ್ರಿ ಸಾಹೇಬ್ರೇ.”

“ಎಲ್ಲಾದ್ರಾಗೂ ನೀನು ತಿರುಗಿದೀಯಲ್ಲೋ! ನಿನ್ನ ಆ ಗಾಬ್ರಿ ಮಾರಿ ಬಾಯಿಪಾಠ ಮಾಡ್ಕೊಂಡು ಕತ್ತಲದಾಗೆ ಕೂರಬೇಕೇನು ನಾನು?”

ಮಗಳು ಒಪ್ಪಲು ಮೂರು ದಿನ ಬೇಕಾಯಿತು. ಒಪ್ಪಿದ್ದು ನನ್ನ ಕಾರಣಕ್ಕೆ. “ನೀವು ಜೊತಿಗಿದ್ರೆ ಕಳಿಸ್ತೀನಿ ಅಂಕಲ್. ನಿಮ್ಮಷ್ಟು ಹೆದರೋರು ಊರಾಗೇ ಇಲ್ಲ.” ಬಾಳಿನಲ್ಲಿ ನನಗೆ ಸಿಕ್ಕ ಏಕೈಕ ಪ್ರಶಸ್ತಿ ಅದು. ಹೀಗೆ, ಅವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆಂದು ಮಗಳಿಗೆ ಮಾತು ಕೊಟ್ಟೆ. ಏನೇ ಆದರೂ ಹಿಂದಕ್ಕೆ ತಿರುಗುವುದಿಲ್ಲವೆಂದು ಅಪ್ಪನಿಗೂ ಮಾತು ಕೊಟ್ಟೆ.

ಇಬ್ಬಂದಿಗೆ ದಾರಿ ಹುಡುಕಿದವರು ಸಾಹೇಬರೇ. “ನಾನು ಸೀಟಿ ಊದ್ತಾನೇ ಇರ್ತೀನಿ. ಸೀಟಿ ಕೇಳ್ತಿದ್ರೆ ನಾನಿದೀನಿ ಅಂತ ತಿಳ್ಕೋ. ಸರಿ ಏನು?” ಸರಿ ಎಂದೆ. ನಾಲ್ವರಿಗೂ ಅದು ಬಹಳ ಜಾಣತನದ ಏರ್ಪಾಡಾಗಿ ಕಂಡಿತು.

ಆ ಭಾನುವಾರ ಸೈಕಲ್ಲುಗಳನ್ನು ಲಗೇಜ್ ಆಟೋಗೆ ಹೇರಿ, ಹರಿಹರ ದಾಟಿ ಭಾನುವಳ್ಳಿ ಹತ್ತಿರದ ನಾಲೆ ಏರಿಗೆ ಬಂದಿಳಿದೆವು. ನಾಲೆಗೆ ನೀರು ಬಿಟ್ಟಿದ್ದರು. ನಾಟಿಗೆ ಹದ ಮಾಡಿದ ಗದ್ದೆಗಳಲ್ಲಿ ನೀರು ನಿಂತು ಕನ್ನಡಿಯಾಗಿತ್ತು. ಮಂಜು ಎದೆಮಟ್ಟಕ್ಕೆ ಇತ್ತು, ಅದರ ಮೇಲೆ ಹಾರುವ ಬೆಳ್ಳಕ್ಕಿಗಳು ಮಾತ್ರ ಕಾಣುತ್ತಿದ್ದವು. ರಫೀಕ್ ತನ್ನ ಉದ್ದ ಲೆನ್ಸನ್ನು ಅಂದು ತಂದಿರಲೇ ಇಲ್ಲ. “ಇವತ್ತು ನಾನು ಫೋಟೋ ತೆಗಿಯೋನಲ್ಲ, ಫೋಟೋದಾಗೆ ಇರೋನು” ಎಂದ. ಗಿರಿಜಾ ಸಾಹೇಬರ ಟವೆಲ್ಲನ್ನು ಸರಿಯಾಗಿ ಸುತ್ತಿ ಕೊಟ್ಟಳು. ನಾನು ನಾಲೆಯ ಆಳವನ್ನು ಕೋಲಿನಿಂದ ಅಳೆದೆ.

“ಸಾಕು ಮಾಡೋ, ಬೆಳಕು ಹೋಗ್ತೈತೆ. ನಡೀರಿ. ಮುಂದೆ ತೂಬು ಐತಲ್ಲ, ಅಲ್ಲಿಗೆ ಹೋಗಿ ನಿಲ್ರಿ. ಇನ್ಶೂರೆನ್ಸು?”

“ತಿರುಗಂಗಿಲ್ಲ ಸಾಹೇಬ್ರೇ.”

“ಆಣಿ?”

“ಆಣಿ.”

ಹೊರಟೆವು. ಹಿಂದಿನಿಂದ ಸೀಟಿ. ನಾನು ರಫೀಕನ ಬೆನ್ನಿಗೆ ಕಣ್ಣು ನೆಟ್ಟು, ಹಲ್ಲು ಕಚ್ಚಿ ತುಳಿದೆ. ಸೀಟಿ ಬಂದಾಗ ಉಸಿರು ಬಿಡುತ್ತಿದ್ದೆ, ಮುಂದಿನದು ಬರುವತನಕ ಹಿಡಿಯುತ್ತಿದ್ದೆ. ನಡುವೆ ಒಮ್ಮೆ ಅದು ತುಸು ತಡವಾಯಿತು. ಮತ್ತೆ ಬಂತು. ತೂಬಿನ ಕಟ್ಟೆಯ ಹತ್ತಿರ ಇಳಿದಾಗ ನನ್ನ ಕುತ್ತಿಗೆ ಕಟ್ಟಿಗೆಯಾಗಿತ್ತು.

ಮಂಜಿನೊಳಗಿಂದ ಮೊದಲು ಸೀಟಿ, ಆಮೇಲೆ ಅವರು ಬಂದರು. ಇಳಿದರು. “ಗಾಡಿ ಪೂರ್ತಿ ಬಂತಾ?”

ಗಿರಿಜಾ ತಗಡು ನೋಡಿ, “ಬಂತ್ರಿ” ಎಂದಳು.

“ಫೋಟೋ ಬಂತಾ ಸಾಬ್?” ಎಂದ ರಫೀಕ್.

ಅವರು ಕ್ಯಾಮೆರಾವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಅತ್ತಿತ್ತ ಸರಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಆರಿಸಿ ಎದೆಗೆ ಇಳಿಬಿಟ್ಟರು.

“ಬಂತು.”

“ತೋರಿಸ್ರಿ.”

“ಯಾಕ? ನಿಮ್ಮ ಬೆನ್ನು ನೀವು ನೋಡಿ ಏನು ಮಾಡ್ತೀರಿ? ಅದು ನಂದು.” ನನ್ನ ಭುಜದ ಮೇಲೆ ಕೈ ಇಟ್ಟು, “ಚಹಾ ಕುಡಿಸೋ ಇನ್ಶೂರೆನ್ಸು” ಎಂದರು.

ಮನೆಗೆ ಬಂದು ನಾನು ಹೆಂಡತಿಯ ಮುಂದೆ ಎದೆಯುಬ್ಬಿಸಿ ಹೇಳಿಕೊಂಡೆ: ಒಮ್ಮೆಯೂ ತಿರುಗಲಿಲ್ಲ. ಅವಳು, “ನೀವಾ?” ಎಂದಳು ಅಷ್ಟೆ.

ಆಮೇಲೆ ಒಂದು ವರ್ಷದೊಳಗೆ ಅವರ ಕಣ್ಣು ಪೂರ್ತಿ ಹೋಯಿತು. ನಾವು ಭಾನುವಾರ ಸೈಕಲ್ ತುಳಿದು ಬಂದು ಅವರ ಪಡಸಾಲೆಯಲ್ಲಿ ಕೂತು ಆ ದಿನ ಕಂಡದ್ದನ್ನು ಹೇಳುತ್ತಿದ್ದೆವು. ಒಳಗಿನ ಕೋಣೆಯಲ್ಲಿ ಫೋಟೋ ತೂಗುಹಾಕಿದ್ದಾರೆಂದು ಗೊತ್ತಿತ್ತು. ನೋಡುತ್ತೇನೆ ಎಂದರೆ ಬಿಡುತ್ತಿರಲಿಲ್ಲ. “ಮಲಗೋ ಕೋಣಿಗೆಲ್ಲ ಬರಬ್ಯಾಡ್ರಿ, ಮರ್ಯಾದಿ ಅಲ್ಲ” ಎಂದು ನಗುತ್ತಿದ್ದರು.

ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಹೋದಾಗ ಅವರ ಹೆಂಡತಿ, “ಒಳಗೆ ಬರ್ರಿ, ಈಗ ನೋಡ್ಬಹುದು” ಎಂದು ಕರೆದರು.

ಗೋಡೆಯ ತುಂಬ ಆ ಫೋಟೋ. ಮಂಜು, ನೀರು, ಏರಿಯ ಮೇಲೆ ಮೂರು ಸೈಕಲ್ಲು. ಎಡಕ್ಕೆ ಗಿರಿಜಾಳ ಬೆನ್ನು. ಮುಂದೆ ರಫೀಕನ ಬೆನ್ನು. ನಡುವೆ, ಹುಬ್ಬು ಮೇಲೇರಿಸಿ, ಬಾಯಿ ಅರ್ಧ ತೆರೆದು, ನೇರವಾಗಿ ನನ್ನನ್ನೇ ನೋಡುತ್ತಿರುವ ನಾನು. ಮುಖದ ಜಾಗದಲ್ಲಿ ಕಾಗದ ಸ್ವಲ್ಪ ಮಾಸಿತ್ತು.

“ಬಂದ ನೆಂಟ್ರೆಲ್ಲ ಕೇಳ್ತಿದ್ರು,” ಎಂದರು ಆಕೆ, “ಇವರು ಯಾರು, ಏನಾಗಿತ್ತು ಇವರಿಗೆ ಅಂತ. ಬ್ಯಾರೆ ಫೋಟೋ ಹಾಕ್ರಿ ಅಂದ್ರೆ ಕೇಳ್ಲಿಲ್ಲ. ಕಣ್ಣಿರೋತನಕ ದಿನಾ ಇದರ ಮುಂದೆ ನಿಂತಿರೋರು. ಕಣ್ಣು ಹೋದ ಮ್ಯಾಲೆ ಕೈಲೆ ಮುಟ್ಟಿ ಹೇಳೋರು. ಇದು ಡಾಕ್ಟ್ರಮ್ಮ, ಇದು ಎಂಜಿನ್ನು ಅಂತ. ನಡುವಿಂದು ಯಾರ್ರಿ ಅಂತ ನಾನು ಕೇಳ್ಬೇಕು. ಆಗ ನಗೋರು. ನೀವು ತಿರುಗಿದ ಕೂಡ್ಲೆ ಇವರು ಟವೆಲ್ ಎತ್ತಿ ತೋರಿಸಿದ್ರಂತೆ. ನೀವು ಮತ್ತೆ ಮುಂದಕ್ಕೆ ಹೊರಳಿಬಿಟ್ರಂತೆ.”

ಮಾಸಿದ ಆ ಜಾಗವನ್ನು ನೋಡುತ್ತ ನಿಂತಾಗ ನನಗೆ ಹೊಳೆಯಿತು. ಸೀಟಿ ಊದುತ್ತಲೇ ಇರುತ್ತೇನೆ ಎಂದಿದ್ದವರು, ಒತ್ತುವ ಮುಂಚೆ ಉಸಿರು ಹಿಡಿಯಲೇಬೇಕಿತ್ತಲ್ಲ. ಅವರೇ ಕಲಿಸಿದ ಪಾಠ. ನಮ್ಮ ನಾಲ್ವರಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ.

ಟೈರು ಒಡೆದಿರಲಿಲ್ಲ. ಟ್ರ್ಯಾಕ್ಟರು ಎದುರಾಗಿರಲಿಲ್ಲ. ಎಮ್ಮೆಗಳು ದೂರದಲ್ಲೇ ಮೇಯುತ್ತಿದ್ದವು, ಜೇನು ಇದ್ದ ಮರದಲ್ಲೇ ಇತ್ತು, ಬ್ಯಾಟರಿ ಕೈಕೊಡಲಿಲ್ಲ, ನಾಲೆಗೆ ಯಾರೂ ಬೀಳಲಿಲ್ಲ. ಸೀಟಿ ಒಂದು ಉಸಿರಿನಷ್ಟು ಹೊತ್ತು ನಿಂತಿತು, ನಾನು ತಿರುಗಿ ನೋಡಿದೆ.